ಕಂಡ ಚಿತ್ರವನ್ನು ಮತ್ತೆ ಕಾಣುವುದೇಕೆ?

೧

ಕಥೆಯ ಸ್ವಾರಸ್ಯವೆಲ್ಲ ಮುಂದೇನಾಗುವುದೆಂಬ ಕುತೂಹಲದಲ್ಲಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆ ಪೂರ್ಣ ಸತ್ಯವಾಗಿದ್ದ ಪಕ್ಷದಲ್ಲಿ, ಒಮ್ಮೆ ಕಂಡ ಚಲಚ್ಚಿತ್ರವನ್ನು ಇನ್ನೊಮ್ಮೆ ಕಾಣುವವರು ಯಾರೂ ಇರಬಾರದಾಗಿತ್ತು. ಲೋಕಾನುಭವ ಇದಕ್ಕೆ ವಿರುದ್ಧವಾಗಿದೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ವಸತಿಯಲ್ಲಿ ರಜೆಯ ಮಧ್ಯಾಹ್ನ ನಡೆದುಹೋಗುವವನಿಗೆ ಯಾವುದಾದರೊಂದು ಮನೆಯ ಕಿಟಕಿಯಿಂದ ಹಳೆಯ ಚಿತ್ರದ ಹಾಡೋ ಮಾತೋ ಕೇಳಿಬರುವುದು ಅಪರೂಪವಲ್ಲ. ಒಳಗೆ ಕುಳಿತ ಅಜ್ಜಿ ಆ ಚಿತ್ರವನ್ನು ಟಾಕೀಸಿನಲ್ಲಿ ಕಂಡವರು. ಅವರ ಮಗ ಅದನ್ನು ದೂರದರ್ಶನದಲ್ಲಿ ಹಲವು ಸಲ ಕಂಡವನು. ಮೊಮ್ಮಗಳು ಅದರ ತುಣುಕುಗಳನ್ನು ಮೊಬೈಲಿನಲ್ಲಿ ಕಂಡವಳು. ಮೂವರಿಗೂ ಕಥೆಯ ಕೊನೆ ಗೊತ್ತು. ಆದರೂ ಆ ಕೊನೆ ಬರುವವರೆಗೆ ಮೂವರೂ ಏಳುವುದಿಲ್ಲ.

ಈ ನಡವಳಿಕೆಗೆ ಕಾರಣವೇನೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯ ಲಘುವೆಂದು ತೋರಬಹುದು. ಆದರೆ ಅಧ್ಯಾಪಕರಾದ ನಮಗೆ ಇದರಲ್ಲಿ ಒಂದು ಹೊಣೆಯುಂಟು. ವಿದ್ಯಾರ್ಥಿಯೊಬ್ಬನು ಒಂದೇ ಚಿತ್ರವನ್ನು ಎಂಟು ಸಲ ಕಂಡೆನೆಂದು ಹೇಳಿದರೆ ಅದನ್ನು ನಾವು ಕಾಲಹರಣವೆಂದು ಗಣಿಸುತ್ತೇವೆ. ಪಂಪನ ಭಾರತವನ್ನು ಎಂಟು ಸಲ ಓದಿದೆನೆಂದು ಸಹೋದ್ಯೋಗಿಯೊಬ್ಬರು ಹೇಳಿದರೆ ಅದನ್ನು ವಿದ್ವತ್ತೆಂದು ಗೌರವಿಸುತ್ತೇವೆ. ಎರಡು ಕೃತಿಗಳ ಬೆಲೆ ಸಮಾನವಲ್ಲವೆಂಬುದು ಒಪ್ಪತಕ್ಕ ಮಾತೇ. ಆದರೆ ಮರಳಿ ಮರಳಿ ಅದೇ ಕೃತಿಗೆ ಹೋಗುವ ಮನಸ್ಸಿನ ಕ್ರಿಯೆ ಎರಡು ಕಡೆಯಲ್ಲಿಯೂ ಬೇರೆ ಬೇರೆಯೆ? ಒಂದೇ ಆಗಿದ್ದರೆ, ವಿದ್ಯಾರ್ಥಿಯಲ್ಲಿ ಈಗಾಗಲೇ ಇರುವ ಒಂದು ಶಕ್ತಿಯನ್ನು ನಾವು ಗುರುತಿಸದೆ ಬಿಟ್ಟಂತಾಗುವುದಿಲ್ಲವೆ?

ವಿಚಾರಕ್ಕೆ ಮೊದಲು ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ವಾಹಿನಿಯಲ್ಲಿ ಬರುತ್ತಿದೆಯೆಂಬ ಕಾರಣದಿಂದ ಆಕಸ್ಮಿಕವಾಗಿ ಕಂಡದ್ದು, ಬಸ್ಸಿನ ಪ್ರಯಾಣದಲ್ಲಿ ಬೇಡವಾದರೂ ಕಂಡದ್ದು ಇಲ್ಲಿಯ ವಿಷಯವಲ್ಲ. ಬೇರೆ ಚಿತ್ರಗಳು ಲಭ್ಯವಿದ್ದೂ, ತಾನಾಗಿ ಆರಿಸಿಕೊಂಡು, ಕಂಡದ್ದನ್ನೇ ಕಾಣುವ ಕ್ರಿಯೆಯನ್ನು ಮಾತ್ರ ಇಲ್ಲಿ ಪುನರ್ದರ್ಶನವೆಂದು ಕರೆದಿದೆ.

೨

ಕನ್ನಡ ಚಲಚ್ಚಿತ್ರದ ಇತಿಹಾಸ ಪುನರ್ದರ್ಶನಕ್ಕೆ ಸಾಕಷ್ಟು ನಿದರ್ಶನಗಳನ್ನು ಒದಗಿಸುತ್ತದೆ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಎಸ್. ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ರಾಜಕುಮಾರ್ ನಾಯಕರಾಗಿದ್ದ ‘ಬಂಗಾರದ ಮನುಷ್ಯ’ ೧೯೭೨ರಲ್ಲಿ ತೆರೆಕಂಡು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆಯಿತು. ಒಂದೇ ಮಂದಿರದಲ್ಲಿ ಅಷ್ಟು ಕಾಲ ಒಂದೇ ಚಿತ್ರ ನಿಲ್ಲಬೇಕಾದರೆ ಅದು ಹೊಸ ಪ್ರೇಕ್ಷಕರಿಂದಲೇ ಆದದ್ದೆಂದು ಹೇಳುವುದು ಕಷ್ಟ. ಬಂದವರೇ ಮತ್ತೆ ಬಂದಿರಬೇಕು, ಬರುವಾಗ ಬೇರೊಬ್ಬರನ್ನು ಕರೆತಂದಿರಬೇಕು. ೨೦೦೬ರ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಬೆಂಗಳೂರಿನ ಬಹುಪರದೆಯ ಮಂದಿರದಲ್ಲಿ ಒಂದು ವರ್ಷವನ್ನು ಮೀರಿ ನಡೆದಾಗಲೂ ಇದೇ ಊಹೆ ಅನ್ವಯಿಸುತ್ತದೆ.

ಇವು ಊಹೆಯಿಂದ ತಿಳಿಯತಕ್ಕ ನಿದರ್ಶನಗಳು. ಮರುಬಿಡುಗಡೆಗಳಲ್ಲಿ ಊಹೆಗೆ ಎಡೆ ಕಡಮೆ. ಉಪೇಂದ್ರ ನಿರ್ದೇಶಿಸಿ ಶಿವರಾಜಕುಮಾರ್ ಅಭಿನಯಿಸಿದ ‘ಓಂ’ ೧೯೯೫ರಲ್ಲಿ ಬಂದಿತು. ಅದು ರಾಜ್ಯದ ನಾನಾ ಊರುಗಳಲ್ಲಿ ಐನೂರಕ್ಕೂ ಹೆಚ್ಚು ಸಲ ಮರಳಿ ತೆರೆಗೆ ಬಂದಿತೆಂದು ಪತ್ರಿಕೆಗಳು ಬರೆದಿವೆ. ಅದು ಇಪ್ಪತ್ತು ವರ್ಷಗಳ ಕಾಲ ಕಿರುತೆರೆಗೆ ಬಾರದಿದ್ದುದು ಇದಕ್ಕೆ ಒಂದು ಕಾರಣ: ಮತ್ತೆ ಕಾಣಬೇಕೆನ್ನುವವನು ಟಿಕೀಟು ಕೊಂಡು ಚಿತ್ರಮಂದಿರಕ್ಕೆ ಹೋಗಬೇಕಾಗಿತ್ತು. ೧೯೬೫ರ ‘ಸತ್ಯ ಹರಿಶ್ಚಂದ್ರ’ ೨೦೦೮ರಲ್ಲಿಯೂ, ೧೯೭೧ರ ‘ಕಸ್ತೂರಿ ನಿವಾಸ’ ೨೦೧೪ರಲ್ಲಿಯೂ ಕಪ್ಪುಬಿಳುಪಿನಿಂದ ವರ್ಣಕ್ಕೆ ಮಾರ್ಪಟ್ಟು ಮರಳಿದವು. ೧೯೭೨ರ ‘ನಾಗರಹಾವು’ ೨೦೧೮ರಲ್ಲಿ ಧ್ವನಿ ಮತ್ತು ಚಿತ್ರಗಳು ಹೊಸ ತಂತ್ರಕ್ಕೆ ಅಳವಟ್ಟು ಬಂದಿತು. ಪುನೀತ್ ರಾಜಕುಮಾರ್ ನಾಯಕರಾಗಿದ್ದ ೨೦೦೨ರ ‘ಅಪ್ಪು’, ಅವರ ಐವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ೨೦೨೫ರ ಮಾರ್ಚಿಯಲ್ಲಿ ಮತ್ತೆ ತೆರೆಕಂಡಿತು. ಆ ಹುಟ್ಟುಹಬ್ಬವನ್ನು ಕಾಣಲು ಅವರಿರಲಿಲ್ಲ; ೨೦೨೧ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಿದ್ದರು.

ಇಲ್ಲಿ ಒಂದು ಅಂಶ ಗಮನಾರ್ಹ. ೧೯೮೧ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವೂ ೧೯೯೪ರಲ್ಲಿ ಉದಯ ವಾಹಿನಿಯೂ ಆರಂಭವಾಗುವುದಕ್ಕೆ ಮುಂಚೆ, ಚಿತ್ರ ಊರಿಗೆ ಮರಳಿ ಬಂದರೆ ಮಾತ್ರ ಪುನರ್ದರ್ಶನ ಸಾಧ್ಯವಾಗುತ್ತಿತ್ತು. ನಡುವಿನ ವರ್ಷಗಳಲ್ಲಿ ಪ್ರೇಕ್ಷಕನ ಬಳಿ ಉಳಿಯುತ್ತಿದ್ದುದು ಹಾಡಿನ ಪುಸ್ತಕ, ಆಕಾಶವಾಣಿಯ ಚಿತ್ರಗೀತೆ ಮತ್ತು ತನ್ನ ನೆನಪು, ಇಷ್ಟೆ. ಇಂದು ಬೇಕಾದ ಚಿತ್ರ ಬೇಕಾದ ಗಳಿಗೆಯಲ್ಲಿ ಅಂಗೈಯಲ್ಲಿ ದೊರೆಯುತ್ತದೆ. ಹೊಸ ಚಿತ್ರಗಳಿಗೂ ಕೊರತೆಯಿಲ್ಲ. ಹೀಗಿದ್ದೂ ಹಳೆಯದಕ್ಕೆ ಜನ ಮರಳುತ್ತಾರೆಂದ ಮೇಲೆ, ಬೇರೇನೂ ಸಿಗದೆ ಕಂಡದ್ದನ್ನೇ ಕಾಣುತ್ತಾರೆಂಬ ಸಮಾಧಾನ ನಿಲ್ಲುವುದಿಲ್ಲ.

೩

ಗೊತ್ತಿರುವ ಕಥೆಯಲ್ಲಿ ಸುಖವನ್ನು ಅರಸುವುದು ನಮ್ಮ ನಾಡಿಗೆ ಚಲಚ್ಚಿತ್ರದೊಡನೆ ಬಂದ ಅಭ್ಯಾಸವಲ್ಲ. ರಾಮಾಯಣವನ್ನು ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ಬಳಲಿದನೆಂದು ಕುಮಾರವ್ಯಾಸ ಚಮತ್ಕಾರವಾಗಿ ಹೇಳಿದ್ದಾನೆ. ಆದರೆ ಅವನು ಆರಿಸಿಕೊಂಡ ಭಾರತದ ಕಥೆಯೂ ಕೇಳುಗರಿಗೆ ಹೊಸದಾಗಿರಲಿಲ್ಲ. ಗಮಕಿ ಗದುಗಿನ ಭಾರತವನ್ನು ವಾಚಿಸುವಾಗ ಕರ್ಣನು ಸಾಯುವನೆಂಬುದು ಜಗುಲಿಯ ಮೇಲೆ ಕುಳಿತ ಮಕ್ಕಳಿಗೂ ತಿಳಿದಿರುತ್ತದೆ. ಹರಿಕಥೆ, ಬಯಲಾಟ, ಯಕ್ಷಗಾನಗಳ ಮಾತೂ ಇದೇ.

ಅಲಂಕಾರಶಾಸ್ತ್ರವೂ ಇದನ್ನು ಸ್ವೀಕರಿಸಿದೆ. ಭರತನ ನಾಟ್ಯಶಾಸ್ತ್ರ ಹೇಳುವ ಹತ್ತು ಬಗೆಯ ರೂಪಕಗಳಲ್ಲಿ ಮೊದಲನೆಯದಾದ ನಾಟಕಕ್ಕೆ ಪ್ರಖ್ಯಾತವಾದ, ಎಂದರೆ ಪ್ರೇಕ್ಷಕನಿಗೆ ಮೊದಲೇ ಪರಿಚಿತವಾದ, ವಸ್ತು ಇರಬೇಕು. ಕವಿ ತಾನೇ ಕಲ್ಪಿಸಿದ ಕಥೆಗೆ ಪ್ರಕರಣವೆಂಬ ಬೇರೆ ಪ್ರಕಾರವನ್ನು ಹೇಳಿದೆ. ಆನಂದವರ್ಧನನಂತೂ, ಹಿಂದೆ ಕಂಡ ಅರ್ಥಗಳೇ ರಸದ ಸಂಬಂಧದಿಂದ ವಸಂತಕಾಲದ ಮರಗಳ ಹಾಗೆ ಹೊಸದಾಗಿ ತೋರುತ್ತವೆಂಬ ಅಭಿಪ್ರಾಯವನ್ನು ಧ್ವನ್ಯಾಲೋಕದಲ್ಲಿ ವ್ಯಕ್ತಪಡಿಸಿದ್ದಾನೆ. ಮುಂದೇನೆಂಬ ಆತಂಕಕ್ಕಿಂತ, ಆದದ್ದರಲ್ಲಿ ನೆಲೆ ನಿಲ್ಲುವ ಭಾವಕ್ಕೆ ನಮ್ಮ ಪ್ರಾಚೀನರು ಹೆಚ್ಚಿನ ಬೆಲೆ ಕೊಟ್ಟರೆಂಬುದು ಇದರಿಂದ ವಿಶದವಾಗುತ್ತದೆ.

ದಾವಣಗೆರೆಗೆ ಈ ಪರಂಪರೆಯ ನಿಕಟ ಪರಿಚಯವುಂಟು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿ ಈ ಊರಿನದು. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ ೧೯೮೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು ಅಭಿನಯಿಸಿದ ‘ಪೊಲೀಸನ ಮಗಳು’ ನಾಟಕ ಸಾವಿರಕ್ಕೂ ಹೆಚ್ಚು ಪ್ರಯೋಗಗಳನ್ನು ಕಂಡಿತು. ಕಂಪನಿ ನಾಟಕಗಳ ಪ್ರೇಕ್ಷಕರು ಮೆಚ್ಚಿದ ಹಾಡನ್ನು ‘ಒನ್ಸ್‌ಮೋರ್’ ಎಂದು ಕೂಗಿ ಮರಳಿ ಹಾಡಿಸುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೆ ಹಾಡಿದ ಪ್ರಸಂಗಗಳನ್ನು ಹಳಬರು ನಗುತ್ತ ಹೇಳುವುದುಂಟು. ಕಥೆಯ ಓಟ ಅಲ್ಲಿ ನಿಂತುಹೋದರೂ ಪ್ರೇಕ್ಷಕನಿಗೆ ರಸಭಂಗವಾಗುತ್ತಿರಲಿಲ್ಲ. ಅವನು ಬಂದದ್ದೇ ಆ ಹಾಡಿಗಾಗಿ.

ಆದರೆ ನಾಟಕಕ್ಕೂ ಚಲಚ್ಚಿತ್ರಕ್ಕೂ ಒಂದು ಮುಖ್ಯ ಭೇದವಿದೆ. ರಂಗದ ಮೇಲೆ ಇಂದಿನ ಹಾಡು ನಿನ್ನೆಯ ಹಾಡಲ್ಲ. ನಟನ ಕಂಠ, ಮನಸ್ಸು, ಎದುರಿನ ಸಭೆ ಎಲ್ಲವೂ ಬದಲಾಗುತ್ತವೆ. ಚಿತ್ರದಲ್ಲಿ ಹಾಗಲ್ಲ. ಐವತ್ತು ವರ್ಷಗಳ ಹಿಂದೆ ನಟ ಯಾವ ಕ್ಷಣದಲ್ಲಿ ಕಣ್ಣೆತ್ತಿದನೋ ಇಂದೂ ಅದೇ ಕ್ಷಣದಲ್ಲಿ ಎತ್ತುತ್ತಾನೆ. ಕೃತಿ ಸ್ವಲ್ಪವೂ ಬದಲಾಗದಿರುವಲ್ಲಿ, ಎರಡನೆಯ ನೋಟದಲ್ಲಿ ಕಾಣುವ ಹೊಸತನ ಎಲ್ಲಿಂದ ಬಂದಿತು? ನೋಡುವವನಿಂದಲೇ ಬಂದಿರಬೇಕು. ಆದುದರಿಂದ ಈಗ ಅವನ ಮನಸ್ಸಿನ ಕಡೆಗೆ ತಿರುಗಬೇಕಾಗಿದೆ.

೪

ಪರಿಚಯವೇ ಮೆಚ್ಚಿಕೆಯನ್ನು ಬೆಳೆಸುತ್ತದೆಯೆಂಬುದನ್ನು ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞರು ೧೯೬೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದರು. ಅರ್ಥವರಿಯದ ಪದಗಳನ್ನೂ ಲಿಪಿಚಿಹ್ನೆಗಳನ್ನೂ ಜನರಿಗೆ ಬೇರೆ ಬೇರೆ ಸಂಖ್ಯೆಯಲ್ಲಿ ತೋರಿಸಿದಾಗ, ಹೆಚ್ಚು ಸಲ ಕಂಡವುಗಳನ್ನೇ ಅವರು ಒಳ್ಳೆಯವೆಂದು ಎಣಿಸಿದರು. ಹಾಡು ಮೊದಲು ಹಿಡಿಸದೆ ಕೇಳುತ್ತ ಕೇಳುತ್ತ ಹಿಡಿಸುವುದು ನಮ್ಮ ಅನುಭವದಲ್ಲಿಯೂ ಇರುವ ಸಂಗತಿ. ಆದರೆ ಪುನರ್ದರ್ಶನವನ್ನು ವಿವರಿಸಲು ಇದೊಂದೇ ಸಾಲದು. ಪರಿಚಯ ಮಾತ್ರವೇ ಕಾರಣವಾಗಿದ್ದರೆ ನಾವು ಪ್ರತಿದಿನವೂ ಕಾಣುವ ಜಾಹೀರಾತುಗಳೇ ನಮಗೆ ಅತ್ಯಂತ ಪ್ರಿಯವಾಗಬೇಕಾಗಿತ್ತು.

ಅಂತ್ಯ ತಿಳಿದಿದ್ದರೆ ಸ್ವಾರಸ್ಯ ಕೆಡುತ್ತದೆಯೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಶಾಖೆಯ ಲೀವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬವರು ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂತ್ಯವನ್ನು ಮೊದಲೇ ತಿಳಿಸಿದ ಸಣ್ಣ ಕಥೆಗಳನ್ನು ಓದುಗರು ಒಟ್ಟಿನಲ್ಲಿ ಹೆಚ್ಚು ಮೆಚ್ಚಿದರು. ಪತ್ತೇದಾರಿ ಕಥೆಗಳಲ್ಲಿಯೂ ಹೀಗೇ ಆಯಿತು. ಅನಂತರ ಬೇರೆಯವರು ನಡೆಸಿದ ಕೆಲವು ಪ್ರಯೋಗಗಳು ಇದಕ್ಕೆ ವಿರುದ್ಧವಾದ ಫಲವನ್ನೂ ಕೊಟ್ಟಿವೆಯಾದುದರಿಂದ ಇದನ್ನು ಸಿದ್ಧಾಂತವೆಂದು ಹಿಡಿಯಲಾಗದು. ಅಂತ್ಯದ ಅರಿವು ಸ್ವಾರಸ್ಯಕ್ಕೆ ಅವಶ್ಯವಾಗಿ ಮಾರಕವಲ್ಲ ಎಂಬಷ್ಟು ಮಾತ್ರ ಇದರಿಂದ ಸಿದ್ಧವಾಗುತ್ತದೆ. ಅಷ್ಟೇ ಅಲ್ಲ, ಅಂತ್ಯವನ್ನು ಬಲ್ಲವನಿಗೂ ಆತಂಕ ಹುಟ್ಟುವುದುಂಟು. ಹಗ್ಗ ಹರಿಯುವುದೆಂದು ಗೊತ್ತಿದ್ದೂ, ಈ ಸಲವಾದರೂ ಹರಿಯದಿರಲೆಂದು ಉಸಿರು ಬಿಗಿಹಿಡಿಯುತ್ತೇವೆ. ರಿಚರ್ಡ್ ಗೆರಿಗ್ ಎಂಬ ವಿದ್ವಾಂಸರು ಇದನ್ನು ಅಸಂಗತವಾದ ಆತಂಕವೆಂಬರ್ಥದ ಹೆಸರಿನಿಂದ ಕರೆದು ಪರಿಶೀಲಿಸಿದ್ದಾರೆ. ಕಥೆಯೊಳಗೆ ಮುಳುಗಿದ ಮನಸ್ಸು ತನ್ನ ಅರಿವನ್ನು ಪೂರ್ತಿಯಾಗಿ ಬಳಸುವುದಿಲ್ಲವೆಂಬುದು ಅವರ ವಿವರಣೆಯ ಸಾರ.

ಅರಿವು ಸುಮ್ಮನಿರುವುದೂ ಇಲ್ಲ. ೨೦೨೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೊಂಬತ್ತು ಸೆಕೆಂಡುಗಳ ಚಿತ್ರಖಂಡವೊಂದನ್ನು ಆರು ಸಲ ತೋರಿಸಿ ಪ್ರೇಕ್ಷಕರ ಮಿದುಳಿನ ವ್ಯಾಪಾರವನ್ನು ದಾಖಲಿಸಿದರು. ಮರಳಿ ನೋಡಿದಾಗ ಮಿದುಳಿನ ಹಲವು ಭಾಗಗಳು ಮುಂಬರುವ ಘಟನೆಗೆ ಮೊದಲೇ ಸಿದ್ಧವಾಗುತ್ತಿದ್ದುದು ಕಂಡುಬಂದಿತು. ಮೊದಲ ಸಲ ಚಿತ್ರದ ಹಿಂದೆ ಓಡುವ ಮನಸ್ಸು, ಎರಡನೆಯ ಸಲ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾದು ನಿಲ್ಲುತ್ತದೆಂದು ಹೇಳಬಹುದು. ಹೀಗೆ ಕಾದು ನಿಂತವನಿಗೆ ಅತ್ತಿತ್ತ ನೋಡಲು ಬಿಡುವು ದೊರೆಯುತ್ತದೆ. ಮೊದಲು ಗಮನಕ್ಕೆ ಬಾರದ ಮುಖಭಾವ, ಹಿನ್ನೆಲೆಯ ವಾದ್ಯ, ಮೂಲೆಯಲ್ಲಿ ನಿಂತ ಪಾತ್ರ ಆಗ ಕಾಣತೊಡಗುತ್ತವೆ.

ಈ ಬಿಡುವಿನ ಸುಖವನ್ನು ನಾವು ಮುಂಚಿತವಾಗಿ ಸರಿಯಾಗಿ ಅಳೆಯಲಾರೆವೆಂಬುದೂ ತಿಳಿದುಬಂದಿದೆ. ಶಿಕಾಗೋ ವಿಶ್ವವಿದ್ಯಾನಿಲಯದ ಎಡ್ ಓಬ್ರಿಯನ್ ಅವರು ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಒಮ್ಮೆ ಅನುಭವಿಸಿದ್ದನ್ನು ಮತ್ತೆ ಅನುಭವಿಸಿದರೆ ಬೇಸರವಾಗುವುದೆಂದು ಜನ ಎಣಿಸುತ್ತಾರೆ. ಆದರೆ ವಾಸ್ತವವಾಗಿ ಅವರಿಗೆ ಎಣಿಸಿದ್ದಕ್ಕಿಂತ ಹೆಚ್ಚಿನ ಸುಖ ದೊರೆಯುತ್ತದೆ. ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ ಅವರು ಅಮೆರಿಕ ಮತ್ತು ನ್ಯೂಜಿಲೆಂಡಿನ ಜನರನ್ನು ಸಂದರ್ಶಿಸಿ ೨೦೧೨ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೊಂದು ಅಂಶ ಸ್ಪಷ್ಟವಾಗಿದೆ. ಹಳೆಯ ಪುಸ್ತಕಕ್ಕೋ ಚಿತ್ರಕ್ಕೋ ಮರಳಿದವರು ಆ ಕೃತಿಯನ್ನು ಮಾತ್ರ ನೋಡುತ್ತಿರಲಿಲ್ಲ. ಅದನ್ನು ಹಿಂದೆ ಕಂಡ ತಮ್ಮನ್ನೂ ನೋಡಿಕೊಳ್ಳುತ್ತಿದ್ದರು. ಕೃತಿ ಬದಲಾಗಿಲ್ಲವಾದುದರಿಂದಲೇ ತಾವು ಎಷ್ಟು ಬದಲಾಗಿದ್ದೇವೆಂಬುದಕ್ಕೆ ಅದು ಅಳತೆಗೋಲಾಗುತ್ತದೆ.

‘ಅಪ್ಪು’ ಚಿತ್ರದ ಮರುಪ್ರದರ್ಶನ ಇದಕ್ಕೆ ಹತ್ತಿರದ ಉದಾಹರಣೆ. ೨೦೦೨ರಲ್ಲಿ ಅದು ತರುಣನೊಬ್ಬನ ತುಂಟತನದ, ಪ್ರೇಮದ ಚಿತ್ರ. ೨೦೨೫ರಲ್ಲಿ ಅದರ ಒಂದು ದೃಶ್ಯವೂ ಬದಲಾಗಿರಲಿಲ್ಲ. ಆದರೆ ಆ ನಟ ಇನ್ನಿಲ್ಲವೆಂಬುದನ್ನು ಅರಿತ ಪ್ರೇಕ್ಷಕನಿಗೆ ಅವನ ನಗೆಯ ದೃಶ್ಯವೇ ಕಣ್ಣೀರಿಗೆ ಕಾರಣವಾಗಬಲ್ಲುದು. ತೆರೆಯ ಮೇಲೆ ಹಾಸ್ಯ, ನೋಡುವವನಲ್ಲಿ ಶೋಕ. ಎರಡಕ್ಕೂ ನಡುವೆ ಇಪ್ಪತ್ತಮೂರು ವರ್ಷಗಳು.

೫

ಇಷ್ಟು ಸಾಮಾನ್ಯ ವಿಚಾರ. ಈಗ ಒಂದೇ ಚಿತ್ರವನ್ನು ತೆಗೆದುಕೊಂಡು ಎರಡು ನೋಟಗಳ ಭೇದವನ್ನು ಪರೀಕ್ಷಿಸಬಹುದು. ಇದಕ್ಕೆ ‘ನಾಗರಹಾವು’ ಅನುಕೂಲವಾಗಿದೆ. ಅದು ನಮ್ಮ ನೆರೆಯ ಚಿತ್ರ. ಅದು ಬಂದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ಕಣ್ಣಾರೆ ಕಂಡ ಪ್ರೇಕ್ಷಕರೇ ಅದನ್ನು ಇಲ್ಲಿ ತೆರೆಯ ಮೇಲೆ ಕಂಡರು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರದಿಂದ ವಿಷ್ಣುವರ್ಧನ್ ನಾಯಕರಾಗಿ ಪರಿಚಿತರಾದರು. ಕೆ. ಎಸ್. ಅಶ್ವತ್ಥ್ ಅವರು ಚಾಮಯ್ಯ ಮೇಷ್ಟರ ಪಾತ್ರವನ್ನು ವಹಿಸಿದರು.

ಮೊದಲ ನೋಟದ ಪ್ರೇಕ್ಷಕ ರಾಮಾಚಾರಿಯ ಜೊತೆಗೆ ಹೋಗುತ್ತಾನೆ. ಊರಿಗೆ ಬೇಡವಾದ, ಸಿಟ್ಟಿನ, ಮಾನವಂತನಾದ ಹುಡುಗ ಅವನು. ಅವನನ್ನು ಪ್ರೀತಿಯಿಂದ ಕಾಣುವವರು ಮೇಷ್ಟರು. ಅವರ ಮಾತಿಗೆ ಕಟ್ಟುಬಿದ್ದು ಅವನು ತಾನು ಒಲಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆ ಹೊತ್ತಿನಲ್ಲಿ ಪ್ರೇಕ್ಷಕನಿಗೆ ಅದು ಗುರುಭಕ್ತಿಯ ಉನ್ನತ ದೃಶ್ಯವಾಗಿಯೇ ತೋರುತ್ತದೆ. ಮುಂದೆ ಅಲಮೇಲುವಿನ ಬಾಳು ಹಾಳಾದದ್ದನ್ನು ರಾಮಾಚಾರಿ ಕಣ್ಣಾರೆ ಕಾಣುತ್ತಾನೆ. ಮಾರ್ಗರೆಟ್ಟಳನ್ನು ಒಲಿದ ಅವನಿಗೆ ಮೇಷ್ಟರು ಮತ್ತೆ ಅಡ್ಡಬರುತ್ತಾರೆ. ಕೊನೆಗೆ ಬೆಟ್ಟದ ಮೇಲಿನ ವಾಗ್ವಾದದಲ್ಲಿ ಮೇಷ್ಟರು ಕೆಳಗೆ ಬಿದ್ದು ಸಾಯುತ್ತಾರೆ. ರಾಮಾಚಾರಿ ಮತ್ತು ಮಾರ್ಗರೆಟ್ ಅವರ ಹಿಂದೆಯೇ ಪ್ರಾಣ ಬಿಡುತ್ತಾರೆ.

ಈ ಅಂತ್ಯವನ್ನು ಬಲ್ಲವನು ಎರಡನೆಯ ಸಲ ಕುಳಿತಾಗ ಅವನ ಕಣ್ಣು ರಾಮಾಚಾರಿಯನ್ನು ಬಿಟ್ಟು ಮೇಷ್ಟರ ಮೇಲೆ ನಿಲ್ಲುತ್ತದೆ. ಅವರು ಶಿಷ್ಯನ ಹೆಗಲ ಮೇಲೆ ಕೈಯಿಡುವ ಮೊದಲ ದೃಶ್ಯದಲ್ಲಿಯೇ ಆ ಬೆಟ್ಟದ ತುದಿ ಕಾಣತೊಡಗುತ್ತದೆ. ಅವರ ಪ್ರೀತಿ ನಿಜವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರೀತಿಯ ಬಲದಿಂದಲೇ ಅವರು ಊರಿನ ಕಟ್ಟುಪಾಡನ್ನು ಅವನ ಮೇಲೆ ಹೇರಿದರು. ಬೇರೆ ಯಾರು ಹೇಳಿದ್ದರೂ ರಾಮಾಚಾರಿ ಕೇಳುತ್ತಿರಲಿಲ್ಲ. ಊರೆಲ್ಲ ಸೇರಿ ಮಾಡಲಾರದ ಕೆಲಸವನ್ನು ಅವನನ್ನು ಪ್ರೀತಿಸಿದ ಒಬ್ಬರೇ ಮಾಡಿಬಿಟ್ಟರು. ಮೊದಲ ನೋಟದಲ್ಲಿ ತ್ಯಾಗವೆಂದು ತೋರಿದ್ದು ಎರಡನೆಯ ನೋಟದಲ್ಲಿ ಅಪರಾಧಕ್ಕೆ ಸಮೀಪವಾಗಿ ತೋರುತ್ತದೆ. ಅಧ್ಯಾಪಕನಾದವನು ಈ ಚಿತ್ರವನ್ನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆಯೂ ಅಧ್ಯಾಪಕನಾದ ಮೇಲೆ ಒಮ್ಮೆಯೂ ಕಂಡಿದ್ದರೆ, ಅವನಿಗೆ ಈ ಭೇದವನ್ನು ಇಷ್ಟು ವಿಸ್ತರಿಸಿ ಹೇಳುವ ಅವಶ್ಯಕತೆಯಿಲ್ಲ.

‘ಕಸ್ತೂರಿ ನಿವಾಸ’ದಲ್ಲಿಯೂ ಹೀಗೆಯೇ. ಕೊಡುಗೈಯ ಸಿರಿವಂತ ಎಲ್ಲವನ್ನೂ ಕೊಟ್ಟು, ಕೊನೆಯಲ್ಲಿ ಕೇಳಿದ್ದನ್ನು ಕೊಡಲಾರದೆ ಸಾಯುತ್ತಾನೆ. ಮೊದಲ ಸಲ ಅವನ ಪ್ರತಿಯೊಂದು ದಾನವನ್ನೂ ಮೆಚ್ಚುತ್ತೇವೆ. ಎರಡನೆಯ ಸಲ ಪ್ರತಿಯೊಂದು ದಾನದಲ್ಲಿಯೂ, ಸಾಕು ನಿಲ್ಲಿಸೆಂದು ಹೇಳಬೇಕೆನಿಸುತ್ತದೆ.

ಹೀಗೆ, ಮೊದಲ ನೋಟ ಏನಾಯಿತೆಂದು ಕೇಳುತ್ತದೆ. ಎರಡನೆಯ ನೋಟ ಹೇಗಾಯಿತು, ಏಕಾಯಿತು, ತಪ್ಪಿಸಬಹುದಾಗಿತ್ತೆ ಎಂದು ಕೇಳುತ್ತದೆ. ಕಾವ್ಯವಿಮರ್ಶೆಯ ಪ್ರಶ್ನೆಗಳೂ ಇವೇ. ಪಂಪನ ಓದುಗನಲ್ಲಿಯೂ ‘ನಾಗರಹಾವು’ ಚಿತ್ರದ ಪ್ರೇಕ್ಷಕನಲ್ಲಿಯೂ ನಡೆಯುವ ಕ್ರಿಯೆ ಜಾತಿಯಿಂದ ಒಂದೇ. ಪ್ರಮಾಣದಲ್ಲಿ ಮಾತ್ರ ಭೇದ.

೬

ಇದುವರೆಗೆ ಪ್ರೇಕ್ಷಕನನ್ನು ಒಂಟಿಯಾಗಿ ಭಾವಿಸಿದ್ದಾಯಿತು. ಆದರೆ ಪುನರ್ದರ್ಶನ ಬಹುಮಟ್ಟಿಗೆ ಜೊತೆಗಾರರನ್ನು ಬಯಸುವ ಕ್ರಿಯೆ. ಮೆಚ್ಚಿದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವ ಆಸೆಯಿಂದಲೇ ಎಷ್ಟೋ ಸಲ ನಾವು ಅದನ್ನು ಮತ್ತೆ ನೋಡುತ್ತೇವೆ. ಆಗ ನಮ್ಮ ದೃಷ್ಟಿ ಅರ್ಧ ತೆರೆಯ ಮೇಲೆ, ಅರ್ಧ ಪಕ್ಕದವರ ಮುಖದ ಮೇಲೆ. ನಗುವ ಜಾಗ ಬರುವುದಕ್ಕೆ ಮೊದಲೇ ಅವರು ನಗುವರೋ ಇಲ್ಲವೋ ಎಂದು ಕಾಯುತ್ತೇವೆ. ನಮಗೆ ಮತ್ತೆ ದೊರೆಯಲಾರದ ಮೊದಲ ನೋಟವನ್ನು ಅವರ ಕಣ್ಣಿನಿಂದ ಎರವಲು ಪಡೆಯುವ ಪ್ರಯತ್ನವಿದು.

ಈ ಪ್ರಯತ್ನದಲ್ಲಿ ಸ್ವಲ್ಪ ಅಪಾಯವೂ ಇದೆ. ಪಕ್ಕದವರು ಆಕಳಿಸಿದರೆ ನಮಗೆ ನೋವಾಗುತ್ತದೆ. ಚಿತ್ರವನ್ನು ನಿರಾಕರಿಸಿದವರು ನಮ್ಮನ್ನೇ ನಿರಾಕರಿಸಿದಂತೆ ತೋರುತ್ತದೆ. ‘ಬಂಗಾರದ ಮನುಷ್ಯ’ವನ್ನು ಮೊಮ್ಮಗಳಿಗೆ ತೋರಿಸುವ ಅಜ್ಜ, ಕೃಷಿಯ ಹಿರಿಮೆಯನ್ನೂ ಮನೆತನಕ್ಕಾಗಿ ಸವೆದವನ ದುಃಖವನ್ನೂ ಅವಳಿಗೆ ದಾಟಿಸಬಯಸುತ್ತಾನೆ. ಪೇಟೆಯ ಕೆಲಸ ಬಿಟ್ಟು ಬೇಸಾಯಕ್ಕೆ ಮರಳಿದವರಿಗೆ ಈ ಚಿತ್ರ ಪ್ರೇರಣೆಯಾಯಿತೆಂಬ ಮಾತು ಪ್ರಚಲಿತವಾಗಿಯೇ ಇದೆ. ಆದರೆ ಮೊಮ್ಮಗಳು, ಅವನು ಒಂದು ಮಾತನ್ನೂ ಎದುರಾಡದೆ ಮನೆ ಬಿಟ್ಟದ್ದೇಕೆಂದು ಕೇಳಬಹುದು. ಈ ಪ್ರಶ್ನೆ ಅಜ್ಜನಿಗೆ ಎಂದೂ ಹೊಳೆದಿರಲಾರದು. ಆಗ ಉತ್ತರ ಹುಡುಕುತ್ತ ಅವನೂ ಆ ಚಿತ್ರವನ್ನು ಹೊಸದಾಗಿ ಕಾಣಬೇಕಾಗುತ್ತದೆ. ತಲೆಮಾರುಗಳ ನಡುವೆ ನೇರವಾಗಿ ಆಡಲಾಗದ ಮಾತುಗಳು ಹೀಗೆ ಚಿತ್ರದ ಪಾತ್ರಗಳನ್ನು ನೆಪಮಾಡಿಕೊಂಡು ನಡೆಯುವುದುಂಟು.

ಜೊತೆಗಾರರಿಲ್ಲದವರಿಗೆ ಚಿತ್ರವೇ ಜೊತೆಯಾಗುತ್ತದೆ. ಮೆಚ್ಚಿನ ದೂರದರ್ಶನ ಕಥೆಗಳು ಒಂಟಿತನದ ಭಾವವನ್ನು ತಗ್ಗಿಸುತ್ತವೆಂದು ಜೇ ಡೆರಿಕ್ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ತೋರಿಸಿದರು. ಹೊರನಾಡಿನ ಹಾಸ್ಟೆಲಿನ ಕೋಣೆಯಲ್ಲಿ ಕುಳಿತ ಕನ್ನಡದ ಹುಡುಗನೊಬ್ಬನು ಹತ್ತಾರು ಸಲ ಕಂಡ ಚಿತ್ರವನ್ನೇ ಹಾಕಿಕೊಂಡು ಊಟ ಮಾಡುತ್ತಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಬೇಕಾದುದು ಕಥೆಯಲ್ಲ, ಮನೆಯ ಧ್ವನಿ.

೭

ಪುನರ್ದರ್ಶನವನ್ನು ಹೊಗಳುವಾಗ ಅದರ ಮಿತಿಗಳನ್ನು ಮರೆಯಬಾರದು. ಮರಳಿ ನೋಡುವುದರಿಂದ ಕಣ್ಣು ಸೂಕ್ಷ್ಮವಾಗುವಂತೆಯೇ ಜಡವಾಗುವುದೂ ಸಾಧ್ಯ. ನಾಯಕನು ನಾಯಿಕೆಯ ಕೆನ್ನೆಗೆ ಹೊಡೆಯುವ ದೃಶ್ಯವನ್ನು ಹತ್ತು ಸಲ ಕಂಡವನಿಗೆ ಅದು ಚಿತ್ರದ ಒಂದು ಪರಿಚಿತ ಘಟ್ಟ ಮಾತ್ರವಾಗಿ, ಹೊಡೆತವೆಂಬುದೇ ಮರೆತುಹೋಗಬಹುದು. ಅಭಿಮಾನವು ಆರಾಧನೆಯಾದಲ್ಲಿ ಪ್ರಶ್ನೆ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟದ ಎರಡನೆಯ ನೋಟ ಮೊದಲನೆಯದರ ಪ್ರತಿ ಮಾತ್ರ. ಮೇಲೆ ಹೇಳಿದ ಮೊಮ್ಮಗಳಂಥ ಜೊತೆಗಾರರ ಅವಶ್ಯಕತೆ ಇರುವುದು ಇಲ್ಲಿಯೇ. ರೂಢಿಯಿಂದ ನಮಗೆ ಕಾಣದಾದುದನ್ನು ಅವರು ಕಾಣಿಸುತ್ತಾರೆ.

ಎರಡನೆಯ ಮಿತಿ ಇನ್ನೂ ಕಠಿಣವಾದದ್ದು. ಮತ್ತೆ ನೋಡಬೇಕಾದರೆ ನೋಡಲು ಚಿತ್ರವಿರಬೇಕು. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವಾದ ‘ಸತಿ ಸುಲೋಚನ’ ೧೯೩೪ರಲ್ಲಿ ಬಂದಿತು. ವೈ. ವಿ. ರಾವ್ ಅದನ್ನು ನಿರ್ದೇಶಿಸಿದರು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅಭಿನಯಿಸಿದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಇಂದ್ರಜಿತುವಿನ ಕಥೆಯನ್ನು ಎಲ್ಲರೂ ಬಲ್ಲರು, ಚಿತ್ರದ ಸ್ಥಿರಚಿತ್ರಗಳೂ ವಿವರಗಳೂ ದೊರೆಯುತ್ತವೆ. ಆದರೆ ಚಿತ್ರವನ್ನು ನೋಡುವುದು ಯಾರಿಗೂ ಸಾಧ್ಯವಿಲ್ಲ. ಭಾರತದ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ ಪುಣೆಯಲ್ಲಿ ಸ್ಥಾಪಿತವಾದದ್ದು ೧೯೬೪ರಲ್ಲಿ, ಎಂದರೆ ಈ ಚಿತ್ರ ಬಂದ ಮೂವತ್ತು ವರ್ಷಗಳ ತರುವಾಯ. ಒಂದು ತಾಳೆಗರಿಯ ಕಟ್ಟು ನಷ್ಟವಾದರೆ ನಾವು ಮರುಗುತ್ತೇವೆ. ಚಿತ್ರದ ಸುರುಳಿ ನಷ್ಟವಾದರೆ ಅದನ್ನು ವ್ಯಾಪಾರದ ಸರಕು ಹೋದಂತೆ ಕಾಣುತ್ತೇವೆ. ಕೃತಿಗೆ ಮರಳಿ ಹೋಗುವುದು ಗೌರವಕ್ಕೆ ಅರ್ಹವಾದ ಕ್ರಿಯೆಯೆಂದು ಒಪ್ಪಿದರೆ, ಮರಳಲು ಕೃತಿ ಉಳಿದಿರುವಂತೆ ನೋಡಿಕೊಳ್ಳುವುದೂ ವಿದ್ವತ್ತಿನ ಕೆಲಸಗಳಲ್ಲಿ ಒಂದೆಂದು ಒಪ್ಪಬೇಕಾಗುತ್ತದೆ.

ಅಧ್ಯಾಪಕರ ಪರಿಶೀಲನೆಗಾಗಿ ಒಂದು ಸರಳ ಸೂಚನೆಯೊಡನೆ ಈ ಲೇಖನವನ್ನು ಮುಗಿಸಬಹುದು. ತರಗತಿಯಲ್ಲಿ ‘ನಾಗರಹಾವು’ ಚಿತ್ರವನ್ನು ಒಮ್ಮೆ ತೋರಿಸಿ, ಚಾಮಯ್ಯ ಮೇಷ್ಟರನ್ನು ಕುರಿತು ಒಂದು ಪುಟ ಬರೆಯಿಸುವುದು. ಆ ಪುಟಗಳನ್ನು ತಿದ್ದದೆ ಕಟ್ಟಿಡುವುದು. ಒಂದೆರಡು ತಿಂಗಳಾದ ಮೇಲೆ, ಸಾಧ್ಯವಾದರೆ ಚಿತ್ರದುರ್ಗದ ಕೋಟೆಯನ್ನು ಹತ್ತಿ ಬಂದ ಮೇಲೆ, ಅದೇ ಚಿತ್ರವನ್ನು ಮತ್ತೆ ತೋರಿಸಿ ಅದೇ ವಿಷಯದ ಮೇಲೆ ಇನ್ನೊಂದು ಪುಟ ಬರೆಯಿಸುವುದು. ಅನಂತರ ಎರಡು ಪುಟಗಳನ್ನೂ ವಿದ್ಯಾರ್ಥಿಯ ಕೈಗೆ ಕೊಟ್ಟು, ತನ್ನಲ್ಲಿ ಏನು ಬದಲಾಯಿತೆಂದು ಅವನೇ ಹೇಳುವಂತೆ ಮಾಡುವುದು. ಪಂಪನನ್ನು ಎರಡನೆಯ ಸಲ ಏಕೆ ಓದಬೇಕೆಂಬ ಪ್ರಶ್ನೆಗೆ ಆಮೇಲೆ ಅವನಿಗೆ ನಾವು ಉತ್ತರ ಹೇಳಬೇಕಾಗಿಲ್ಲ. ಅಧ್ಯಾಪಕರೂ ಅವನೊಡನೆ ಕುಳಿತು ತಮ್ಮ ಎರಡು ಪುಟಗಳನ್ನು ಬರೆಯುವುದು ಒಳ್ಳೆಯದು. ಮೇಷ್ಟರನ್ನು ಕುರಿತು ಬರೆಯುವುದು ಅವರಿಗೆ ಶಿಷ್ಯರಿಗಿಂತ ಕಷ್ಟವಾಗಬಹುದು.